ಒಂದು ಸೆಕೆಂಡು ಉಳಿದಿತ್ತು

ಅಮೆರಿಕದವರು ಫುಟ್‌ಬಾಲ್ ಅನ್ನುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಡುವೆ ಬಾಯಿ ಹಾಕುತ್ತೀರಿ. ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬಹುದು, ಇಲ್ಲವೇ ಎಸೆಯಬಹುದು. ಆ ರಾತ್ರಿ ಸ್ಟೇಡಿಯಂ ಒಳಗೆ ಹೋಗುವಾಗ ನನಗೂ ಗೊತ್ತಿದ್ದದ್ದು ಇಷ್ಟೇ.

2008ರ ನವೆಂಬರ್ 1, ಶನಿವಾರ. ಟೆಕ್ಸಸ್‌ನ ಪಶ್ಚಿಮದ ಬಟ್ಟಬಯಲಲ್ಲಿ, ಸುತ್ತ ಹತ್ತಿ ಹೊಲಗಳ ನಡುವೆ ಇರುವ ಲಬಕ್ ಅನ್ನುವ ಊರು. ಅಲ್ಲಿನ ಟೆಕ್ಸಸ್ ಟೆಕ್‌ನಲ್ಲಿ ನಾನಾಗ ಎಂಎಸ್ ಓದುತ್ತಿದ್ದೆ. ನಾವು ಬೆರಳೆಣಿಕೆಯ ಕನ್ನಡದ ಹುಡುಗರು ಸೇರಿ ರಾಜ್ಯೋತ್ಸವಕ್ಕೆಂದು ಸಂಜೆಗೆ ಬಿಸಿಬೇಳೆ ಬಾತು ಮಾಡುವುದು ಅಂತ ಮಾತಾಗಿತ್ತು. ಆದರೆ ಅಂದು ಸಂಜೆ ಊರಿನಲ್ಲಿ ಬೇರೇನೂ ನಡೆಯುವಂತಿರಲಿಲ್ಲ. ದೇಶದಲ್ಲೇ ಮೊದಲ ಸ್ಥಾನದಲ್ಲಿದ್ದ ಟೆಕ್ಸಸ್ ವಿಶ್ವವಿದ್ಯಾಲಯದ ತಂಡ ಆಸ್ಟಿನ್‌ನಿಂದ ಬಂದಿಳಿದಿತ್ತು. ಆಡಿದ ಎಂಟು ಆಟಗಳಲ್ಲಿ ಅವರೂ ಸೋತಿರಲಿಲ್ಲ, ನಮ್ಮವರೂ ಸೋತಿರಲಿಲ್ಲ. ಜಾಗ ಹಿಡಿಯಲು ವಿದ್ಯಾರ್ಥಿಗಳು ಸ್ಟೇಡಿಯಂ ಹೊರಗೆ ದಿನಗಟ್ಟಲೆ ಡೇರೆ ಹಾಕಿ ಮಲಗಿದ್ದರು. ನಮ್ಮ ರಾಜ್ಯೋತ್ಸವ ಮಧ್ಯಾಹ್ನಕ್ಕೇ ಮುಗಿಯಿತು.

ನನ್ನನ್ನು ಎಳೆದುಕೊಂಡು ಹೋದವನು ಲ್ಯಾಬಿನ ಗೆಳೆಯ, ಹತ್ತಿ ಬೆಳೆಯುವ ಮನೆತನದ ಹುಡುಗ. ಅಂಗಿಯೊಳಗೆ ಏನೋ ಬಚ್ಚಿಟ್ಟುಕೊಂಡಿದ್ದ. ಆಟ ಶುರುವಾಗುತ್ತಿದ್ದಂತೆ ಹೊರಗೆ ತೆಗೆದ, ಟಾರ್ಟಿಯಾ! ನಮ್ಮ ಚಪಾತಿಯಂಥದ್ದು. ಎಲ್ಲರೂ ಅದನ್ನು ಮೈದಾನಕ್ಕೆ ತೂರಿದರು. ಅಲ್ಲಿನ ಸಂಪ್ರದಾಯವಂತೆ. ನನಗೂ ಒಂದು ಕೊಟ್ಟ. ತಿನ್ನುವ ಪದಾರ್ಥ ಎಸೆಯಲು ಕೈ ಬರಲಿಲ್ಲ, ಸುಮ್ಮನೆ ತಿಂದೆ.

"ಆಟಗಾರರನ್ನು ಆಮೇಲೆ ನೋಡು, ಮೊದಲು ಆ ಮನುಷ್ಯನನ್ನು ನೋಡು" ಅಂದ. ಸೈಡ್‌ಲೈನಿನಲ್ಲಿ ಕೈಯಲ್ಲೊಂದು ಮಡಿಚಿದ ಚೀಟಿ ಹಿಡಿದು, ಬಸ್ಸಿಗೆ ಕಾಯುವವನಂತೆ ಒಬ್ಬ ನಿಂತಿದ್ದ. ಹೆಡ್ ಕೋಚ್ ಮೈಕ್ ಲೀಚ್. ಉಳಿದ ಕೋಚ್‌ಗಳು ಊಟದ ತಟ್ಟೆಯಷ್ಟು ದೊಡ್ಡ ಲ್ಯಾಮಿನೇಟ್ ಹಾಳೆಯಲ್ಲಿ ನೂರಾರು ನಡೆಗಳ ಹೆಸರು ಬರೆಸಿಕೊಂಡು ಬರುತ್ತಾರೆ. ಲೀಚ್‌ಗೆ ಆ ಚೀಟಿ ಸಾಕಿತ್ತು.

ಆತನ ಕಥೆಯೇ ಒಂದು ವಿಚಿತ್ರ. ವಯೋಮಿಂಗ್‌ನ ಕೋಡಿ ಅನ್ನುವ ಊರಲ್ಲಿ ಬೆಳೆದವನು, ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವನೇ ಅಲ್ಲ. 1986ರಲ್ಲಿ ಪೆಪ್ಪರ್‌ಡೈನ್‌ನಿಂದ ಕಾನೂನು ಪದವಿ ಪಡೆದು, ಕೋರ್ಟಿಗೆ ಹೋಗುವ ಬದಲು ಕಾಸಿಲ್ಲದ ಕೋಚಿಂಗ್ ಕೆಲಸಗಳ ಬೆನ್ನು ಹತ್ತಿದ. 1989ರಲ್ಲಿ ಫಿನ್ಲೆಂಡಿನ ಪೋರಿ ಬೇರ್ಸ್ ಅನ್ನುವ ತಂಡಕ್ಕೂ ಕೋಚ್ ಆಗಿದ್ದ. ಅದೇ ವರ್ಷ ಐಯೊವಾದ ಪುಟ್ಟ ವೆಸ್ಲಿಯನ್ ಕಾಲೇಜಿನಲ್ಲಿ ಹ್ಯಾಲ್ ಮಮ್ಮಿ ಎಂಬಾತನ ಜೊತೆ ಸೇರಿಕೊಂಡ. ಎಲ್ಲರೂ ಚೆಂಡು ಹೊತ್ತು ಗುದ್ದಾಡುತ್ತಿದ್ದ ಕಾಲದಲ್ಲಿ ಇವರಿಬ್ಬರೂ ಸೇರಿ ಎಸೆಯುವ ಆಟ ಕಟ್ಟಿದರು. ಅದಕ್ಕೆ ಏರ್ ರೇಡ್ ಎಂದು ಹೆಸರಾಯಿತು. ಆಮೇಲೆ ವಾಲ್ಡೋಸ್ಟಾ, ಕೆಂಟಕಿ. 1999ರಲ್ಲಿ ಒಕ್ಲಹೋಮಾದಲ್ಲಿ ಒಂದು ವರ್ಷ ಅಫೆನ್ಸಿವ್ ಕೋಆರ್ಡಿನೇಟರ್, ಅಂದರೆ ದಾಳಿಯ ಪೂರ್ತಿ ಲೆಕ್ಕಾಚಾರ ಆತನದು.

ಆ ವರ್ಷದ ಒಂದು ಕಿತಾಪತಿಯನ್ನು ಗೆಳೆಯ ಸ್ಟೇಡಿಯಮ್ಮಿನಲ್ಲೇ ಕಿರುಚಿ ಕಿರುಚಿ ಹೇಳಿದ. ಇದೇ ಟೆಕ್ಸಸ್ ಎದುರಿನ ಆಟ. ಮೊದಲು ಯಾವ್ಯಾವ ನಡೆ ಇಡುತ್ತೇವೆ ಅನ್ನುವ ಪಟ್ಟಿಯನ್ನು ಲೀಚ್ ಸುಳ್ಳುಸುಳ್ಳೇ ಬರೆಸಿ, ಟೆಕ್ಸಸ್ ಕೋಚ್‌ಗಳ ಕಣ್ಣಿಗೆ ಬೀಳುವ ಹಾಗೆ ಮೈದಾನದಲ್ಲಿ ಬೀಳಿಸಿದನಂತೆ. ಅವರು ಎತ್ತಿಕೊಂಡರು, ನಂಬಿದರು. ಒಕ್ಲಹೋಮಾ 17–0 ಮುಂದೆ ಹೋಯಿತು. ಕೊನೆಗೆ ಟೆಕ್ಸಸ್ಸೇ 38–28ರಿಂದ ಗೆದ್ದಿತು ಅನ್ನುವುದನ್ನು ಮಾತ್ರ ಗೆಳೆಯ ಹೇಳಲಿಲ್ಲ. ಅದು ನನಗೆ ಬಹಳ ಕಾಲದ ಮೇಲೆ ಗೊತ್ತಾಯಿತು.

ಇಷ್ಟು ತಂತ್ರಗಾರ ಅಂದ ಮೇಲೆ ಆಟವೂ ಜಟಿಲ ಇರಬೇಕು ಅಂದುಕೊಂಡಿದ್ದೆ. ತೀರಾ ಉಲ್ಟಾ. ಇರುವುದೇ ಒಂದು ಹಿಡಿ ನಡೆಗಳು, ಅವನ್ನೇ ದಿನಾ ಬೇಸರ ಬರುವಷ್ಟು ಆಡಿಸುತ್ತಿದ್ದ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐವರು ದಾಂಡಿಗರನ್ನು ಎಲ್ಲರಿಗಿಂತ ದೂರದೂರ ನಿಲ್ಲಿಸುತ್ತಿದ್ದ, ಮೇಲೆ ಬೀಳಲು ಬರುವವರು ಬಳಸಿಕೊಂಡು ಬರಲಿ ಅಂತ. ಚೆಂಡು ಹಿಡಿಯುವವರನ್ನು ಮೈದಾನದ ಅಗಲಕ್ಕೂ ಹರಡುತ್ತಿದ್ದ. ಮೈದಾನದಲ್ಲಿ ನಿಂತು ಕಂಡದ್ದು ಸರಿಯಿಲ್ಲ ಅನ್ನಿಸಿದರೆ ಕೋಚ್ ಹೇಳಿದ್ದನ್ನೇ ಬದಲಿಸುವ ಅಧಿಕಾರ ಕ್ವಾರ್ಟರ್‌ಬ್ಯಾಕ್‌ಗಿತ್ತು. ಇಪ್ಪತ್ತರ ಆಸುಪಾಸಿನ ಹುಡುಗನ ಕೈಗೆ ಕೀಲಿಕೈ ಕೊಟ್ಟು ತಾನು ಪಕ್ಕದಲ್ಲಿ ನಿಲ್ಲುವ ಯಜಮಾನರನ್ನು ನಾನು ನಮ್ಮ ಕಡೆ ಹೆಚ್ಚು ನೋಡಿಲ್ಲ.

ಅಂದಿನ ಹುಡುಗ ಗ್ರಹಾಂ ಹ್ಯಾರೆಲ್. ಅರ್ಧ ಆಟ ಮುಗಿದಾಗ ನಾವು 22–6 ಮುಂದೆ. ಅಲ್ಲಿಂದ ಟೆಕ್ಸಸ್ ಮೇಲೇರುತ್ತಾ ಬಂತು. ಒಬ್ಬ 91 ಗಜದ ಪಾಸ್ ಹಿಡಿದು ಓಡಿಬಿಟ್ಟ. ಕೊನೆಗೆ 1 ನಿಮಿಷ 29 ಸೆಕೆಂಡು ಉಳಿದಿರುವಾಗ 33–32. ಇಡೀ ರಾತ್ರಿಯಲ್ಲಿ ಅವರು ಮುಂದೆ ಹೋದದ್ದು ಅದೇ ಮೊದಲು. ಗೆಳೆಯ ತಲೆ ಮೇಲೆ ಕೈ ಹೊತ್ತು ಕೂತ. ನಾನು ಲೀಚ್‌ನತ್ತ ನೋಡಿದೆ. ಅದೇ ಚೀಟಿ, ಅದೇ ನಿಲುವು.

ಆಮೇಲೆ ಸಣ್ಣ ಸಣ್ಣ ಪಾಸ್‌ಗಳು. ಎಸೆ, ಹಿಡಿ, ಎದ್ದು ಬಂದು ಸಾಲಾಗಿ ನಿಲ್ಲು, ಮತ್ತೆ ಎಸೆ. ಎದುರಾಳಿಯ 28 ಗಜದ ಗೆರೆಗೆ ಬಂದರು. ಅಲ್ಲಿ ಒಂದು ಪಾಸ್ ನಮ್ಮವನ ಕೈಗೆ ತಾಗಿ ಮೇಲಕ್ಕೆ ಚಿಮ್ಮಿತು. ಟೆಕ್ಸಸ್‌ನ ಬ್ಲೇಕ್ ಗಿಡಿಯನ್‌ನ ಕೈಗೆ ಮೆತ್ತಗೆ ಬಂದು ಬಿತ್ತು. ಹಿಡಿದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬಿಟ್ಟ! ಉಳಿದದ್ದು 8 ಸೆಕೆಂಡು. ಅಲ್ಲಿಂದಲೇ ಒದ್ದು ಮೂರು ಅಂಕಕ್ಕೆ ಯತ್ನಿಸಬಹುದಿತ್ತು, ಮೂರು ಬಂದರೂ ಗೆಲುವೇ. ನಮ್ಮೂರಿನ ಬುದ್ಧಿವಂತರಾಗಿದ್ದರೆ ಅದನ್ನೇ ಮಾಡುತ್ತಿದ್ದರು. ಲೀಚ್ ಇನ್ನೊಮ್ಮೆ ಎಸೆಯಲು ಹೇಳಿದ.

ಹ್ಯಾರೆಲ್ ಬಲಗಡೆಗೆ ಎಸೆದ. ಗೆರೆಯ ಅಂಚಿನಲ್ಲಿ ಮೈಕಲ್ ಕ್ರಾಬ್‌ಟ್ರೀ ಹಿಂದಕ್ಕೆ ತಿರುಗಿ ಹಿಡಿದ. ಅಲ್ಲೇ ಹೊರಗೆ ಕಾಲಿಡುತ್ತಾನೆ, ಆಮೇಲೆ ಒದೆಯುತ್ತಾರೆ ಅಂತ ಎಲ್ಲರ ಎಣಿಕೆ. ಆತ ಬೆನ್ನಿಗೆ ಬಿದ್ದವನನ್ನು ಕೊಡವಿಕೊಂಡು, ಗೆರೆ ಮೆಟ್ಟದೆ, ಕೊನೆಯ ಗೆರೆ ದಾಟಿ ಒಳಕ್ಕೆ ನುಗ್ಗಿಯೇಬಿಟ್ಟ, ಟಚ್‌ಡೌನ್! ಗಡಿಯಾರದಲ್ಲಿ 1 ಸೆಕೆಂಡು.

ಅದನ್ನು ನೋಡುವ ವ್ಯವಧಾನ ಯಾರಿಗಿತ್ತು? ಜನ ಮೈದಾನಕ್ಕೆ ಧುಮುಕಿದರು. ಆಟ ಮುಗಿದಿಲ್ಲ, ಹೊರಗೆ ಹೋಗಿ ಅಂತ ಮೈಕಿನಲ್ಲಿ ಬೇಡಿಕೊಂಡರು. ದಂಡವಾಗಿ ನಮ್ಮ ತಂಡ ತನ್ನದೇ ಗೋಲಿನ ಹತ್ತಿರದಿಂದ ಚೆಂಡು ಒದೆಯಬೇಕಾಯಿತು, ಗೆದ್ದವರ ಅಭಿಮಾನಿಗಳಿಂದಲೇ ಸೋಲಾಗಬಹುದಿತ್ತು. ಆಗಲಿಲ್ಲ. 39–33. ಹ್ಯಾರೆಲ್ ಅಂದು ಎಸೆದದ್ದು 474 ಗಜ. ನಾನೂ ಮೈದಾನದಲ್ಲಿ ಯಾರ್ಯಾರನ್ನೋ ತಬ್ಬಿಕೊಂಡೆ. ಒಂದು ಚಪ್ಪಲಿ ಅಲ್ಲೇ ಹೋಯಿತು.

ಪವಾಡ ಅಂದರು ಎಲ್ಲರೂ. ಗೆಳೆಯ ಒಪ್ಪಲಿಲ್ಲ. "ಗಿಡಿಯನ್ ಬಿಟ್ಟದ್ದು ಪವಾಡ. ಅದರ ಮುಂದಿನದು ಮಂಗಳವಾರದ ಪ್ರಾಕ್ಟೀಸು" ಅಂದ. ಅವನ ಮಾತೇ ಸರಿ ಅಂತ ನನಗೀಗಲೂ ಅನ್ನಿಸುತ್ತದೆ. ಅಂದು ಆ ಚೆಂಡು ಹಿಡಿಯುವವರಿಗೆ ಪಾಠ ಹೇಳುತ್ತಿದ್ದ ಕೋಚ್ ಯಾರು ಗೊತ್ತೇ? 25ರ ಹುಡುಗ ಲಿಂಕನ್ ರೈಲಿ, ಅಲ್ಲೇ ಮ್ಯೂಲ್‌ಶೂ ಅನ್ನುವ ಹಳ್ಳಿಯವನು. ಆಡುವಷ್ಟು ಕಸುವಿಲ್ಲ ಅಂತ ಕಂಡಾಗ ಅವನನ್ನು ವಿದ್ಯಾರ್ಥಿ ಸಹಾಯಕನಾಗಿ ಇಟ್ಟುಕೊಂಡವನು ಲೀಚ್. ಮುಂದೆ ಒಕ್ಲಹೋಮಾ ಮತ್ತು ಯುಎಸ್‌ಸಿಯಲ್ಲಿ ಅವನ ಕೈಕೆಳಗೆ ಆಡಿದ ಮೂವರು, ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದರು.

ಮೂರು ವಾರ ಕಳೆದು ನಾರ್ಮನ್‌ಗೆ ಹೋಗಿ ಒಕ್ಲಹೋಮಾ ಎದುರು 65–21ರಲ್ಲಿ ನಮ್ಮವರು ಸೋತರು, ಅದನ್ನು ಬಿಡಿ. ಮರುವರ್ಷದ ಕೊನೆಗೆ, ಗಾಯಗೊಂಡ ಆಟಗಾರನೊಬ್ಬನನ್ನು ನಡೆಸಿಕೊಂಡ ರೀತಿಯ ಬಗ್ಗೆ ದೂರು ಬಂದು ಲೀಚ್ ಕೆಲಸ ಕಳೆದುಕೊಂಡ. ತನ್ನದೇನೂ ತಪ್ಪಿಲ್ಲ ಅನ್ನುತ್ತಲೇ ಹೋದ. ಟೆಕ್‌ನಲ್ಲಿ ಆತನ ಲೆಕ್ಕ 84 ಗೆಲುವು, 43 ಸೋಲು. 2012ರಿಂದ ವಾಷಿಂಗ್ಟನ್ ಸ್ಟೇಟ್, 2020ರಿಂದ ಮಿಸಿಸಿಪಿ ಸ್ಟೇಟ್. ಎಲ್ಲಿ ಹೋದರೂ ಅವೇ ನಡೆಗಳು. 2022ರ ಡಿಸೆಂಬರ್ 12ರಂದು, 61ನೇ ವಯಸ್ಸಿನಲ್ಲಿ ತೀರಿಕೊಂಡ.

ಕಾಲೇಜು ಫುಟ್‌ಬಾಲಿನ ಹಾಲ್ ಆಫ್ ಫೇಮ್ ಸೇರಲು ಕೋಚ್ ಶೇಕಡಾ 60 ಆಟ ಗೆದ್ದಿರಬೇಕು ಅಂತ ನಿಯಮವಿತ್ತು. ಲೀಚ್‌ನದು 158 ಗೆಲುವು, 107 ಸೋಲು, ಅಂದರೆ 59.6. ಒಂದೇ ಒಂದು ಸೋಲು ಗೆಲುವಾಗಿದ್ದರೆ ಸರಿಯಾಗಿ 60 ಆಗುತ್ತಿತ್ತು! 2025ರಲ್ಲಿ ಆ ಮಿತಿಯನ್ನು 59.5ಕ್ಕೆ ಇಳಿಸಿದರು. ಸುದ್ದಿ ಓದಿ ಗೆಳೆಯನಿಗೆ ಫೋನ್ ಮಾಡಿದೆ. ಆ ಒಂದು ಆಟ ಯಾವುದಿರಬೇಕಿತ್ತು ಹೇಳು ಅಂದೆ. ನಾರ್ಮನ್‌ನ ಸೋಲು ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು 2019ರ ಯುಸಿಎಲ್‌ಎ ಆಟ ಅಂದ. ವಾಷಿಂಗ್ಟನ್ ಸ್ಟೇಟ್ 49–17 ಮುಂದಿದ್ದೂ, ಕ್ವಾರ್ಟರ್‌ಬ್ಯಾಕ್ ಒಂಬತ್ತು ಟಚ್‌ಡೌನ್ ಪಾಸ್ ಎಸೆದೂ, 67–63ರಲ್ಲಿ ಸೋತ ಆಟ. "63 ಅಂಕ ಹೊಡೆದು ಸೋಲುವುದಕ್ಕೆ ಲೀಚೇ ಆಗಬೇಕು" ಅಂತ ಫೋನಿನಲ್ಲೇ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕ.