ದೊಡ್ಡಪ್ಪನ ಕ್ಯಾಲ್ಕುಲೇಟರಿಗೆ ಹೊಸ ಮುಚ್ಚಳ



ಕಳೆದ ಸಭೆಗೆ ನಾನು ತಂದಿದ್ದ ಹಳೆಯ ಕ್ಯಾಲ್ಕುಲೇಟರನ್ನು ತಿರುಗಿಸಿ ಮುರುಗಿಸಿ ನೋಡಿದ ನೀವು ಎರಡು ಪ್ರಶ್ನೆ ಕೇಳಿದಿರಿ. ಒಡೆದ ಪ್ಲಾಸ್ಟಿಕನ್ನು ಹೀಗೆ ಕೂಡಿಸುವುದು ಹೇಗೆ? ಫೋನಿನಲ್ಲೇ ಕ್ಯಾಲ್ಕುಲೇಟರ್ ಇರುವಾಗ ಇದಕ್ಕಾಗಿ ಮೂರು ವಾರ ಕಳೆದದ್ದು ಯಾಕೆ? ಎರಡಕ್ಕೂ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ಎರಡನೆಯದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ಗೊತ್ತಿಲ್ಲದಿದ್ದರೆ ಮೊದಲನೆಯದಕ್ಕೆ ಅರ್ಥವಿಲ್ಲ.

ಕ್ಯಾಲ್ಕುಲೇಟರ್ ನನ್ನ ದೊಡ್ಡಪ್ಪನದು. ಎಂಬತ್ತರ ದಶಕದಲ್ಲಿ ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಿಂದ ಒಬ್ಬೊಬ್ಬರು ಗಲ್ಫಿಗೆ ಹೋದ ಹಾಗೆ ಅವರೂ ಹೋಗಿದ್ದರು. ಅಲ್ಲಿ ಒಂದು ಉಗ್ರಾಣದಲ್ಲಿ ಸಾಮಾನಿನ ಲೆಕ್ಕ ಬರೆಯುವ ಕೆಲಸ. ಮೊದಲ ವರ್ಷದ ಸಂಬಳದಲ್ಲಿ ತನಗೆಂದು ಕೊಂಡ ಒಂದೇ ವಸ್ತು ಈ ಕ್ಯಾಸಿಯೋ ಎಫ್‌ಎಕ್ಸ್-82. ಊರಿಗೆ ಮರಳಿ ಅಡಿಕೆ ತೋಟ ನೋಡಿಕೊಳ್ಳತೊಡಗಿದ ಮೇಲೂ ಲೆಕ್ಕ ಇದರಲ್ಲೇ. ಅಡಿಕೆ, ಪಟೋರ, ಉಳ್ಳಿ, ಕರಿಗೋಟು ಎಂದು ಬೇರೆ ಬೇರೆ ಮಾಡಿ, ಪ್ರತಿಯೊಂದರ ಕಿಲೋವನ್ನು ದರದಿಂದ ಗುಣಿಸಿ, ಎಂ ಪ್ಲಸ್ ಒತ್ತಿ, ಕೊನೆಗೆ ಎಂ ಆರ್ ಒತ್ತಿದರೆ ಒಟ್ಟು ಮೊತ್ತ. ಅಂಗಡಿಯವರು ಚೀಟಿ ಬರೆದು ಮುಗಿಸುವ ಮೊದಲೇ ದೊಡ್ಡಪ್ಪನ ಲೆಕ್ಕ ಮುಗಿದಿರುತ್ತಿತ್ತು.

ಎರಡು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿಯಿತು. ದೇವರ ದಯೆ, ನಡೆಯುತ್ತಾರೆ, ಮಾತನಾಡುತ್ತಾರೆ. ಬಲಗೈ ಬೆರಳುಗಳು ಮಾತ್ರ ಹೇಳಿದ್ದು ಕೇಳುವುದಿಲ್ಲ. ಫೋನಿನ ಪರದೆಯಲ್ಲಿ ಐದು ಒತ್ತಹೋದರೆ ಎಂಟು ಬೀಳುತ್ತದೆ, ಇಲ್ಲವೇ ಐದು ಮೂರು ಸಲ ಬೀಳುತ್ತದೆ. ಅಣ್ಣ ಪೇಟೆಯಿಂದ ಹೊಸ ಕ್ಯಾಲ್ಕುಲೇಟರ್ ತಂದುಕೊಟ್ಟ. ಅದು ಎಷ್ಟು ಹಗುರವೆಂದರೆ ಒಂದೇ ಕೈಯಲ್ಲಿ ಒತ್ತುವಾಗ ಮೇಜಿನ ಮೇಲೆ ಜಾರಿ ಹೋಗುತ್ತಿತ್ತು. ಹಳೆಯದಕ್ಕೆ ಎರಡು ಪೆನ್ಸಿಲ್ ಸೆಲ್‌ಗಳ ಭಾರವಿದೆ, ಕೂತಲ್ಲಿ ಕೂರುತ್ತದೆ. ಯಾವ ಗುಂಡಿ ಎಲ್ಲಿದೆ ಎಂದು ಕಣ್ಣಿಗಿಂತ ಬೆರಳಿಗೇ ಹೆಚ್ಚು ಗೊತ್ತು. ಆದರೆ ಅವರು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಅದು ಕಪಾಟಿನ ಮೇಲಿಂದ ಬಿದ್ದು ಮೂಲೆ ಒಡೆದಿತ್ತು. ಸೆಲ್‌ಗಳು ಒಳಗೇ ಸೋರಿದ್ದವು. ಹಿಂದಿನ ಮುಚ್ಚಳ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಸೆಲ್ಲೊ ಟೇಪ್ ಮತ್ತು ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟಿದ್ದರು.

ಅತ್ತಿಗೆ ಒಳ್ಳೆಯ ಮನಸ್ಸಿನಿಂದ, "ಮಾವಾ, ಲೆಕ್ಕ ನಾನು ಮಾಡಿ ಕೊಡ್ತೇನೆ, ನೀವು ಕೂತ್ಕೊಳ್ಳಿ" ಎನ್ನುತ್ತಿದ್ದರು. ದೊಡ್ಡಪ್ಪ ಸರಿ ಎನ್ನುತ್ತಿದ್ದರು, ಆಮೇಲೆ ಇಡೀ ದಿನ ಮಾತಿಲ್ಲ. ಒಂದು ಸಂಜೆ ನನ್ನ ಹತ್ತಿರ ಹೇಳಿದರು: "ನನ್ನ ಲೆಕ್ಕ ನಾನೇ ಮಾಡ್ಬೇಕು ಮಾರಾಯ. ಬೇರೆಯವರು ಮಾಡಿ ಹೇಳಿದ್ರೆ ಅದು ನನಗೆ ಬರೀ ಸುದ್ದಿ." ನನ್ನ ಮೂರು ವಾರಕ್ಕೆ ಕಾರಣ ಇಷ್ಟೇ.

ಇನ್ನು ಕೆಲಸದ ವಿಷಯ. ಅದಕ್ಕೆ ಮೊದಲು ಒಂದಿಷ್ಟು ಇತಿಹಾಸ, ಗಣಿತ ಓದುವ ತಮ್ಮ ತಂಗಿಯರಿಗಾಗಿ. 1972ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಎಚ್‌ಪಿ-35 ಬಂದಾಗ ಬೆಲೆ 395 ಡಾಲರ್. ಅದೇ ವರ್ಷ ಜಪಾನಿನಲ್ಲಿ ಬಂದ ಕ್ಯಾಸಿಯೋ ಮಿನಿ ಆರು ಅಂಕಿಯದು, ಬೆಲೆ 12,800 ಯೆನ್. ಹತ್ತು ವರ್ಷದ ನಂತರ, 1982ರಲ್ಲಿ, ಎಫ್‌ಎಕ್ಸ್-82 ಬಂತು. ಅಷ್ಟರಲ್ಲಿ ಸೈನ್, ಲಾಗ್ ಎಲ್ಲ ಇರುವ ಯಂತ್ರವೊಂದನ್ನು ಸಾಮಾನ್ಯ ನೌಕರನೂ ಕೊಳ್ಳಬಹುದಾಗಿತ್ತು. ಇದರಲ್ಲಿ ಸೈನ್ 30 ಬೇಕಾದರೆ ಮೊದಲು 30 ಒತ್ತಬೇಕು, ಆಮೇಲೆ ಸೈನ್. ಸಭೆಯಲ್ಲಿ ನಿಮ್ಮಲ್ಲಿ ಕೆಲವರು ಈಗಿನ ಅಭ್ಯಾಸದಲ್ಲಿ ಮೊದಲು ಸೈನ್ ಒತ್ತಿ, "ಇದು ಹಾಳಾಗಿದೆ" ಎಂದಿರಿ. ಹಾಳಾಗಿಲ್ಲ, ಅದರ ಕ್ರಮವೇ ಹಾಗೆ.

ಮೊದಲ ಕೆಲಸ ಸೆಲ್ ಸೋರಿದ ಜಾಗ ಶುಚಿ ಮಾಡುವುದು. ಯೂಟ್ಯೂಬಿನಲ್ಲಿ ಎಲ್ಲರೂ ವಿನೆಗರ್ ಹಾಕಿ ಎನ್ನುತ್ತಾರೆ. ಆಲ್ಕಲೈನ್ ಸೆಲ್ ಸೋರಿದ್ದರೆ ಅದು ಸರಿ, ಅದರೊಳಗಿರುವುದು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್, ಅಂದರೆ ಪ್ರತ್ಯಾಮ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ಅಗ್ಗದ ಸೆಲ್‌ಗಳು ಹೆಚ್ಚಾಗಿ ಸತು ಮತ್ತು ಇಂಗಾಲದವು. ಅವುಗಳಲ್ಲಿ ಸತುವಿನ ಕ್ಲೋರೈಡ್ ಅಥವಾ ಅಮೋನಿಯಂ ಕ್ಲೋರೈಡ್ ಇರುತ್ತದೆ, ಸೋರಿದರೆ ಆಮ್ಲದ ಗುಣ. ಅದಕ್ಕೆ ವಿನೆಗರ್ ಹಾಕಿದರೆ ಆಮ್ಲಕ್ಕೆ ಆಮ್ಲ ಸೇರಿಸಿದ ಹಾಗೆ. ಬಿಎಸ್ಸಿಯಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು. ಒದ್ದೆ ಮಾಡಿದ ನೀಲಿ ಲಿಟ್ಮಸ್ ಕಾಗದವನ್ನು ಆ ಬಿಳಿ ಹುಡಿಗೆ ತಾಗಿಸಿದೆ, ಕೆಂಪಾಯಿತು. ಹಾಗಾಗಿ ಅಡಿಗೆ ಸೋಡಾ ಕರಗಿಸಿದ ನೀರನ್ನು ಹತ್ತಿ ಕಡ್ಡಿಯಲ್ಲಿ ಸ್ವಲ್ಪ ಸ್ವಲ್ಪವೇ ಹಚ್ಚಿ ಒರೆಸಿದೆ, ಕೊನೆಗೆ ಬರೀ ನೀರಿನಲ್ಲಿ ಒರೆಸಿ ಒಣಗಿಸಿದೆ. ತುಕ್ಕು ಹಿಡಿದ ಸ್ಪ್ರಿಂಗ್ ಉಳಿಯುವ ಹಾಗಿರಲಿಲ್ಲ. ಹಾಳಾದ ಟಿವಿ ರಿಮೋಟಿನದ್ದು ಸರಿಯಾಗಿ ಕೂತಿತು.

ಎರಡನೆಯದು ಬಿಚ್ಚುವುದು. ಪ್ರತಿ ಸ್ಕ್ರೂವನ್ನು ಒಂದು ರಟ್ಟಿನ ಮೇಲೆ, ಅದು ಇದ್ದ ಜಾಗದ ಚಿತ್ರ ಬರೆದು ಅಲ್ಲೇ ಚುಚ್ಚಿಟ್ಟೆ. ಸರ್ಕಿಟ್ ಬೋರ್ಡಿಗೂ ಅಂಕಿ ತೋರಿಸುವ ಗಾಜಿಗೂ ನಡುವಿನ ಸಂಪರ್ಕ ತುಂಬ ನಾಜೂಕು, ಒಮ್ಮೆ ಎಳೆದು ಬಿಟ್ಟರೆ ಮನೆಯಲ್ಲಿ ಕೂಡಿಸಲಾಗುವುದಿಲ್ಲ. ಅವೆರಡನ್ನೂ ಒಟ್ಟಿಗೇ ಎತ್ತಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಬದಿಗಿಟ್ಟೆ. ಉಳಿದ ಕವಚವನ್ನು ಮಾತ್ರ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದೆ. ಟೇಪಿನ ಅಂಟು ತೆಗೆಯಲು ತಿನ್ನರ್ ಬೇಡ, ಅಕ್ಷರಗಳೂ ಹೋಗುತ್ತವೆ. ತೆಂಗಿನೆಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟರೆ ಅಂಟು ಉಂಡೆಯಾಗಿ ಬರುತ್ತದೆ. ನಮ್ಮ ಊರಲ್ಲಿ ತೆಂಗಿನೆಣ್ಣೆಗೆ ಏನು ಕಡಿಮೆ!

ಮೂರನೆಯದೇ ಮುಖ್ಯ, ಒಡೆದ ಮೂಲೆ. ಇಂಥ ಕವಚಗಳು ಹೆಚ್ಚಾಗಿ ಎಬಿಎಸ್ ಎಂಬ ಪ್ಲಾಸ್ಟಿಕಿನವು. ಎಬಿಎಸ್ ಅಸಿಟೋನಿನಲ್ಲಿ ಕರಗುತ್ತದೆ. ಒಳಬದಿಯ ಕಾಣದ ಜಾಗಕ್ಕೆ ಒಂದು ಹನಿ ಅಸಿಟೋನ್ ತಾಗಿಸಿ ನೋಡಿದೆ, ಮೆತ್ತಗಾಗಿ ಅಂಟಂಟಾಯಿತು. ಆಗ ದಾರಿ ಸುಲಭ. ಹಾಳಾದ ಕಂಪ್ಯೂಟರ್ ಕೀಬೋರ್ಡಿನ ಕಪ್ಪು ಪ್ಲಾಸ್ಟಿಕನ್ನೂ ಹಾಗೆಯೇ ಪರೀಕ್ಷಿಸಿ, ಸಣ್ಣ ಸಣ್ಣ ಚೂರು ಮಾಡಿ, ಗಾಜಿನ ಬಾಟಲಿಯಲ್ಲಿ ಅಸಿಟೋನ್ ಹಾಕಿ ರಾತ್ರಿಯಿಡೀ ಮುಚ್ಚಿಟ್ಟೆ. ಬೆಳಿಗ್ಗೆ ದೋಸೆ ಹಿಟ್ಟಿನ ಹಾಗೆ ಆಗಿತ್ತು. ಬಿರುಕಿನ ಎರಡೂ ಅಂಚಿಗೆ ಅದನ್ನು ಕಡ್ಡಿಯಲ್ಲಿ ಹಚ್ಚಿ, ಒತ್ತಿ ಹಿಡಿದು, ದಾರ ಸುತ್ತಿ ಎರಡು ದಿನ ಬಿಟ್ಟೆ. ಅಸಿಟೋನ್ ಆರಿ ಹೋದಾಗ ಎರಡೂ ಬದಿಯ ಪ್ಲಾಸ್ಟಿಕ್ ಒಂದರೊಳಗೊಂದು ಸೇರಿ ಒಂದೇ ತುಂಡಾಗಿರುತ್ತದೆ. ಸೂಪರ್ ಗ್ಲೂ ಹಾಗಲ್ಲ, ಅದು ಎರಡು ತುಂಡುಗಳ ನಡುವೆ ಮೂರನೆಯದಾಗಿ ಕೂರುತ್ತದೆ, ಸುತ್ತಲೂ ಬಿಳಿ ಮಂಜಿನಂಥ ಕಲೆಯನ್ನೂ ಬಿಡುತ್ತದೆ. ಮುರಿದ ಸ್ಕ್ರೂ ಕಂಬವನ್ನೂ ಇದೇ ಹಿಟ್ಟಿನಿಂದ ಪದರ ಪದರವಾಗಿ ಕಟ್ಟಿದೆ.

ಎಚ್ಚರಿಕೆ: ಅಸಿಟೋನ್ ಬಹಳ ಬೇಗ ಬೆಂಕಿ ಹಿಡಿಯುತ್ತದೆ. ಹೊರಗೆ ಜಗಲಿಯಲ್ಲಿ, ಒಲೆ ದೀಪಗಳಿಂದ ದೂರ ಕೂತು ಮಾಡಿ. ಅಂಕಿ ಕಾಣುವ ಪಾರದರ್ಶಕ ಕಿಟಕಿಗೆ ಒಂದು ಹನಿಯೂ ತಾಗಬಾರದು, ತಾಗಿದರೆ ಮಂಕಾಗಿ ಬಿರುಕು ಬಿಡಬಹುದು. ಆ ಕಿಟಕಿಯ ಗೀರುಗಳಿಗೆ ಸಾಮಾನ್ಯ ಬಿಳಿ ಟೂತ್‌ಪೇಸ್ಟ್ ಸಾಕು. ಮೆತ್ತಗಿನ ಬಟ್ಟೆಯಲ್ಲಿ ಸುತ್ತು ಸುತ್ತಾಗಿ ಹತ್ತು ನಿಮಿಷ ತಿಕ್ಕಿದರೆ ಆಳವಿಲ್ಲದ ಗೀರುಗಳು ಮಾಯ.

ಕಳೆದುಹೋದ ಮುಚ್ಚಳವನ್ನು ಅದೇ ಕೀಬೋರ್ಡಿನ ತಳದಿಂದ ಕತ್ತರಿಸಿದೆ. ಮೊದಲು ರಟ್ಟಿನಲ್ಲಿ ಅಳತೆ, ಆಮೇಲೆ ಹ್ಯಾಕ್ಸಾ ಬ್ಲೇಡ್, ಆಮೇಲೆ ಅರ, ಕೊನೆಗೆ ನಯವಾದ ಮರಳು ಕಾಗದ. ಕೊಕ್ಕೆಯಂಥ ಸಣ್ಣ ನಾಲಗೆ ಮಾಡಲಿಕ್ಕೇ ಮೂರು ಸಂಜೆ ಬೇಕಾಯಿತು. ಬಣ್ಣ ಪೂರ್ತಿ ಹೊಂದಲಿಲ್ಲ, ಸ್ವಲ್ಪ ಹೆಚ್ಚು ಕಪ್ಪು. ಪೇಂಟ್ ಹೊಡೆಯಬಹುದಿತ್ತು. ದಿನಾ ಬೆರಳು ತಾಗುವ ಕಡೆ ಪೇಂಟ್ ಏಳುತ್ತದೆಂದು ಹಾಗೆಯೇ ಬಿಟ್ಟೆ.

ಆಮೇಲೆ ಉಳಿದದ್ದು ಹಿಂಬದಿಯ ಗೀರುಗಳು. ನಲವತ್ತು ವರ್ಷದ ಗೀರುಗಳ ನಡುವೆ ಮೊಳೆಯಲ್ಲಿ ಕೆತ್ತಿದ ಹಾಗೆ 14 ಎಂಬ ಅಂಕಿ ಇತ್ತು. ಮರಳು ಕಾಗದ ಕೈಯಲ್ಲೇ ಇತ್ತು, ಐದು ನಿಮಿಷದ ಕೆಲಸ. ಉಜ್ಜುವ ಮೊದಲು ಒಂದು ಮಾತು ಕೇಳೋಣ ಎಂದು ದೊಡ್ಡಪ್ಪನ ಹತ್ತಿರ ಒಯ್ದೆ.

"ಹೋಯ್, ಅದನ್ನು ಎಂತ ಮಾಡ್ಬೇಡ!" ಎಂದರು. ಅಷ್ಟು ಜೋರಾಗಿ ಅವರು ಮಾತನಾಡಿದ್ದು ಕೇಳಿ ತಿಂಗಳುಗಳೇ ಆಗಿದ್ದವು. ಆಮೇಲೆ ನಿಧಾನವಾಗಿ ಹೇಳಿದರು. ಗಲ್ಫಿನಲ್ಲಿ ಒಂದೇ ಉದ್ದನೆಯ ಕೋಣೆಯಲ್ಲಿ ಹದಿನಾರು ಜನ, ಒಂದರ ಮೇಲೊಂದು ಮಂಚ. ತಟ್ಟೆ, ಲೋಟ, ಬಕೆಟ್ ಎಲ್ಲದಕ್ಕೂ ಮಂಚದ ನಂಬರ್ ಕೆತ್ತಬೇಕು, ಇಲ್ಲದಿದ್ದರೆ ಯಾರದ್ದು ಯಾವುದು ಗೊತ್ತಾಗುವುದಿಲ್ಲ. ಅವರದು 14. 13ರಲ್ಲಿ ಮಲಯಾಳದ ಒಬ್ಬರು, 15ರಲ್ಲಿ ಪಾಕಿಸ್ತಾನದ ಒಬ್ಬರು. ತಿಂಗಳ ಕೊನೆಗೆ ಇಬ್ಬರೂ ಈ ಕ್ಯಾಲ್ಕುಲೇಟರ್ ಕೇಳಿ ತೆಗೆದುಕೊಂಡು ಮನೆಗೆ ಕಳಿಸುವ ಹಣದ ಲೆಕ್ಕ ಹಾಕುತ್ತಿದ್ದರಂತೆ. "ಮೂರು ಮನೆಯ ಅನ್ನದ ಲೆಕ್ಕ ಉಂಟು ಇದರಲ್ಲಿ" ಎಂದರು. ಇಷ್ಟು ವರ್ಷ ಅದೇ ಮನೆಗೆ ಹೋಗಿ ಬರುತ್ತಿದ್ದರೂ ಈ ವಿಷಯ ನಾನು ಕೇಳಿರಲಿಲ್ಲ. ದೊಡ್ಡಮ್ಮನಿಗೂ ಪೂರ್ತಿ ಗೊತ್ತಿರಲಿಲ್ಲ. ಆ ಗೀರುಗಳನ್ನೆಲ್ಲ ಹಾಗೆಯೇ ಉಳಿಸಿದೆ. ಸಾಬೂನು ನೀರಿನಲ್ಲಿ ತೊಳೆದಾಗ 14 ಇನ್ನೂ ಚೆನ್ನಾಗಿ ಕಂಡಿತು.

ಜೋಡಿಸಿ, ಸೆಲ್ ಹಾಕಿ, ಮುಚ್ಚಳ ಮುಚ್ಚಿದೆ. ಟಕ್ ಎಂದು ಕೂತಿತು. ಸೊನ್ನೆ ಬಂತು. ದೊಡ್ಡಪ್ಪ ಅದನ್ನು ಮೇಜಿನ ಮೇಲಿಟ್ಟು ಎಡಗೈಯ ತೋರುಬೆರಳಿನಲ್ಲಿ ಒಂದೊಂದೇ ಗುಂಡಿ ಒತ್ತಿದರು. ನಿಧಾನ, ತುಂಬ ನಿಧಾನ. ಆ ವಾರ ಮಾರಿದ ಅಡಿಕೆಯ ಚೀಟಿಯನ್ನು ಪಕ್ಕದಲ್ಲಿಟ್ಟು ಇಪ್ಪತ್ತು ನಿಮಿಷ ಲೆಕ್ಕ ಹಾಕಿದರು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಕೊನೆಗೆ ಚೀಟಿಯ ಮೊತ್ತಕ್ಕೂ ಅವರ ಮೊತ್ತಕ್ಕೂ ತಾಳೆಯಾಯಿತು. "ಸರಿ ಉಂಟು" ಎಂದು ಚೀಟಿಯ ಮೇಲೆ ಒಂದು ಗೆರೆ ಎಳೆದು ಡೈರಿಯೊಳಗೆ ಇಟ್ಟರು. ಈಗ ಪ್ರತಿ ವಾರ ಅದೇ ಕ್ರಮ. ಡಾಕ್ಟರು ಹೇಳಿದ ಬೆರಳಿನ ವ್ಯಾಯಾಮಕ್ಕೆ ಬೇಸರಪಡುವ ದೊಡ್ಡಪ್ಪ ಲೆಕ್ಕಕ್ಕೆ ಮಾತ್ರ ಬೇಸರಪಡುವುದಿಲ್ಲ. ಮೊನ್ನೆ ಎಂ ಪ್ಲಸ್ ಗುಂಡಿಯನ್ನು ಬಲಗೈಯಲ್ಲಿ ಒತ್ತಿದರು ಎಂದು ಅತ್ತಿಗೆ ಫೋನ್ ಮಾಡಿದ್ದರು.

ನಿಮ್ಮ ಮನೆಯಲ್ಲೂ ಹಿರಿಯರ ಇಂಥ ವಸ್ತು ಇರಬಹುದು: ರೇಡಿಯೋ, ಟಾರ್ಚ್, ಗಡಿಯಾರ. ಸರಿಮಾಡಲು ಹೊರಡುವ ಮೊದಲು ಅದನ್ನು ಬಳಸಿದವರ ಪಕ್ಕ ಕೂತು, ಯಾವ ಗುರುತು ಅಳಿಸಬಹುದು, ಯಾವುದು ಉಳಿಯಬೇಕು ಎಂದು ಕೇಳಿ. ಸಾಮಾನು ಬೇಕಾದರೆ ನನ್ನ ಹತ್ತಿರ ಅರ, ಮರಳು ಕಾಗದ, ಅರ್ಧ ಬಾಟಲಿ ಎಬಿಎಸ್ ಹಿಟ್ಟು ಇದೆ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಹಾಲ್‌ನಲ್ಲಿರುತ್ತೇನೆ. ಹಾಳಾದ ಕಪ್ಪು ಕೀಬೋರ್ಡ್ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಬಿಸಾಡದೆ ತನ್ನಿ.