ಡ್ರಮ್ಮಿನ ಜೊತೆ ನಡೆದ ಉಮ್ಮ

ಹೈಸ್ಕೂಲಿಗೆ ಹೋಗುವ ನಿಮ್ಮ ಮಗಳು ಪ್ರವಾಸದ ಒಪ್ಪಿಗೆ ಪತ್ರವನ್ನು ಮುಂದೆ ಹಿಡಿದರೆ ನೀವೇನು ಮಾಡುತ್ತೀರಿ? "ಉಪ್ಪನಲ್ಲಿ ಕೇಳು" ಎಂದು ಜಾರಿಕೊಳ್ಳುತ್ತೀರಾ? ಕಳೆದ ವಾರ ನನ್ನ ಮಗಳು ಅಂಥದ್ದೊಂದು ಪತ್ರ ತಂದಾಗ ನನಗೆ 1994ರ ಮೈಸೂರು ಪ್ರಯಾಣ ನೆನಪಾಯಿತು.

ಆಗ ನಾನು ಮಂಗಳೂರಿನಲ್ಲಿ ಒಂಬತ್ತನೇ ತರಗತಿಯಲ್ಲಿದ್ದೆ. ಶಾಲೆಯ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಿದ್ದೆ. ಮೈಸೂರಿನಲ್ಲಿ ಶಾಲಾ ಬ್ಯಾಂಡ್‌ಗಳ ಸ್ಪರ್ಧೆಯಿತ್ತು. ಒಟ್ಟು ಮೂರು ದಿನಗಳ ಪ್ರಯಾಣ. "ಹೆಣ್ಣು ಮಕ್ಕಳು ಊರೂರು ತಿರುಗಿ ಡೋಲು ಬಾರಿಸುವುದೇ?" ಎಂದು ಅಜ್ಜಿ ಗದರಿದರು. ಉಪ್ಪ ಮಾತಾಡಲಿಲ್ಲ. ನಾನು ಎರಡು ದಿನ ಅತ್ತೆ. ಮೂರನೇ ದಿನ ಉಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಹುಡುಗಿಯರ ಜೊತೆಗೆ ತಾಯಂದಿರೂ ಬರಬಹುದಂತೆ. ನಾನು ಹೋಗುತ್ತೇನೆ" ಎಂದರು. ಅವರೇ ಕುಳಿತು ನನಗೆ ಬಿಳಿ ಚೂಡಿದಾರ ಹೊಲಿದರು. ತಲೆಗೆ ಬಿಳಿ ಶಾಲು, ಅದರ ಮೇಲೆ ಬ್ಯಾಂಡಿನ ಕೆಂಪು ಟೋಪಿ.

ಪುತ್ತೂರು, ಸುಳ್ಯ ದಾಟಿ ಬಸ್ಸು ಸಂಪಾಜೆ ಘಾಟಿ ಹತ್ತತೊಡಗಿತು. ಉಮ್ಮ ಅದುವರೆಗೂ ಘಟ್ಟ ಹತ್ತಿದವರಲ್ಲ. ನಾವೆಲ್ಲ ವಾಂತಿ ಮಾಡಿ ಸುಸ್ತಾಗಿದ್ದರೆ ಅವರು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಮಡಿಕೇರಿಯಲ್ಲಿ ಚಹಾ ಕುಡಿಯುವಾಗ ಬ್ಯಾಂಡ್ ಮಾಸ್ಟರಲ್ಲಿ ಕೇಳಿದರು: "ಈ ದೊಡ್ಡ ಡ್ರಮ್ಮು ಇಂಗ್ಲಿಷರದ್ದಾ?" ಮಾಸ್ಟರ್ ಸೇನೆಯ ಬ್ಯಾಂಡಿನಲ್ಲಿದ್ದು ನಿವೃತ್ತರಾದವರು. ಅವರು ನಕ್ಕು, "ಅಲ್ಲಮ್ಮಾ, ತುರ್ಕಿಯ ಉಸ್ಮಾನಿ ಸುಲ್ತಾನರ ಸೇನೆಯಲ್ಲಿ ಮೆಹ್ತರ್ ಎಂಬ ವಾದ್ಯಮೇಳವಿತ್ತು. ದೊಡ್ಡ ಡ್ರಮ್ಮು, ಕಂಚಿನ ತಾಳ ಎಲ್ಲ 18ನೇ ಶತಮಾನದಲ್ಲಿ ಯುರೋಪಿನ ಸೇನೆಗಳಿಗೆ ಹೋದದ್ದು ಅಲ್ಲಿಂದ" ಎಂದರು. ಉಮ್ಮ ನನ್ನ ಕಿವಿಯಲ್ಲಿ, "ಇದನ್ನು ನಿನ್ನ ಅಜ್ಜಿಗೆ ಹೇಳಬೇಕು" ಎಂದರು.

ಮರುದಿನ ಭಾನುವಾರ ಮೈಸೂರಿನ ಬೀದಿಯಲ್ಲಿ ನಮ್ಮ ಮೆರವಣಿಗೆ ಹೊರಟಿತು. ಡ್ರಮ್ಮಿನ ಪಟ್ಟಿ ಹೆಗಲು ಕೊರೆಯುತ್ತಿತ್ತು. ಅರ್ಧ ದಾರಿಯಲ್ಲಿ ನನ್ನ ಲಯ ತಪ್ಪಿತು, ಕಣ್ಣು ಕತ್ತಲಿಟ್ಟಿತು. ತಿರುಗಿ ನೋಡಿದರೆ ಫುಟ್‌ಪಾತಿನಲ್ಲಿ ಉಮ್ಮ! ನೀರಿನ ಬಾಟಲಿ ಹಿಡಿದುಕೊಂಡು, ಬುರ್ಖಾದಲ್ಲಿ ಬೆವರುತ್ತಾ, ನಮ್ಮ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯುತ್ತಿದ್ದರು. ಮೈದಾನ ಮುಟ್ಟುವವರೆಗೂ ಅವರು ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ.

ನಮಗೆ ಬಹುಮಾನ ಬರಲಿಲ್ಲ. ಸಂಜೆ ಅರಮನೆಯ ಮುಂದೆ ನಿಂತೆವು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಕಟ್ಟಿದ್ದು ಇದು, 1912ರಲ್ಲಿ ಪೂರ್ಣಗೊಂಡಿತು. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹೊತ್ತಿಕೊಂಡಾಗ ನನ್ನ ಸೋಲು ಮರೆತೇಹೋಯಿತು.

ಮೂರನೆಯ ದಿನ ಶ್ರೀರಂಗಪಟ್ಟಣಕ್ಕೆ ಹೋದೆವು. ಗುಂಬಝಿನಲ್ಲಿ ಹೈದರಲಿ, ಅವರ ಪತ್ನಿ ಫಕ್ರುನ್ನಿಸಾ ಮತ್ತು 1799ರಲ್ಲಿ ಯುದ್ಧದಲ್ಲಿ ಮಡಿದ ಟಿಪ್ಪು ಸುಲ್ತಾನರ ಗೋರಿಗಳಿವೆ. ಸುತ್ತ ನುಣುಪಾದ ಕಪ್ಪು ಕಲ್ಲಿನ ಕಂಬಗಳು. ಕನ್ನಡ ಓದಲು ಬಾರದ ಉಮ್ಮ, ಅಲ್ಲಿದ್ದ ಫಲಕವನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದರು. ಆಮೇಲೆ ಮೆಲ್ಲಗೆ, "ನೀನು ಪುಸ್ತಕದಲ್ಲಿ ಓದಿದ್ದನ್ನು ನಾನು ಕಣ್ಣಾರೆ ನೋಡಿದೆ" ಎಂದರು. ಆ ಪ್ರವಾಸ ನನ್ನದೆಂದೇ ತಿಳಿದಿದ್ದೆ. ಅದು ಅವರದೂ ಆಗಿತ್ತೆಂದು ಆಗಲೇ ನನಗೆ ಅರ್ಥವಾದದ್ದು.

ಮೊನ್ನೆ ಮಗಳ ಪತ್ರವನ್ನು ಉಮ್ಮನಿಗೆ ತೋರಿಸಿದೆ. ಈಗ ಅವರಿಗೆ ಮಂಡಿನೋವು. ಆದರೂ ಮೊದಲು ಕೇಳಿದ್ದು, "ಶ್ರೀರಂಗಪಟ್ಟಣ ಉಂಟಾ?" ಎಂದು.

ನಾನು ಸಹಿ ಹಾಕಿದೆ. ನಿಮ್ಮ ಮನೆಗೂ ಅಂಥ ಪತ್ರ ಬಂದರೆ ಬೇಡವೆನ್ನುವ ಮೊದಲು, ಜೊತೆಗೆ ನೀವೂ ಹೋಗಬಹುದೇ ಎಂದು ಒಮ್ಮೆ ಕೇಳಿ ನೋಡಿ, ಸಹೋದರಿಯರೇ.