ಸೊಳ್ಳೆಗೆ ಮನೆ ಕೊಟ್ಟವನು ನಾನೇ

ನಮ್ಮನೆ ಬಾಲ್ಕನಿಯಲ್ಲಿ ಒಂದು ಸಿಟ್ರೊನೆಲ್ಲಾ ಗಿಡ ಇದೆ. ಎರಡು ವರ್ಷದ ಹಿಂದೆ ನರ್ಸರಿಯಿಂದ 250 ರೂಪಾಯಿ ಕೊಟ್ಟು ತಂದಿದ್ದು. ಇದೊಂದಿದ್ರೆ ಸೊಳ್ಳೆ ಹತ್ರಾನೂ ಸುಳಿಯಲ್ಲ ಅಂತ ಯಾರೋ ಹೇಳಿದ್ರು, ನಾನು ನಂಬಿದೆ. ನಂಬೋಕೆ ಮನಸ್ಸೂ ಇತ್ತು ಅನ್ನಿ. ಹಳ್ಳಿಯಲ್ಲಿ ಬೆಳೆದವನಿಗೆ ಕಾಯಿಲ್ ಹಚ್ಚೋದು, ಪ್ಲಗ್ಗಿಗೆ ಲಿಕ್ವಿಡ್ ಸಿಕ್ಕಿಸೋದು ಎಲ್ಲ ಒಂಥರಾ ಸೋಲು ಅನ್ನಿಸುತ್ತೆ. ನಾಲ್ಕನೇ ಮಹಡಿಯಲ್ಲಿದ್ರೂ ಮನೆಮದ್ದೇ ಆಗಬೇಕು ಅನ್ನೋ ಹಠ.

ಆ ಹಠ ಬಂದಿದ್ದು ಅಜ್ಜಿಯಿಂದ. ನಮ್ಮೂರು ಹಾಸನದ ಕಡೆ. ಸಂಜೆ ದೀಪ ಹಚ್ಚೋ ಹೊತ್ತಿಗೆ ಅಜ್ಜಿ ಒಡೆದ ಮಡಕೆಯ ಬುಡದಲ್ಲಿ ಕೆಂಡ ಹಾಕಿ, ಮೇಲೆ ಬೆರಣಿ ಚೂರು, ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕಿ ಕೊಟ್ಟಿಗೆಯಲ್ಲಿ ಇಡ್ತಿದ್ಳು. ಹಸಿ ಸೊಪ್ಪು ಚಟಪಟ ಅಂದು ದಟ್ಟ ಹೊಗೆ ಏಳೋದು. ದನ ಬಾಲ ಬೀಸೋದು ನಿಲ್ಲಿಸ್ತಿದ್ವು. ನಮಗೆ ಕಣ್ಣಲ್ಲಿ ನೀರು, ಅಜ್ಜಿಗೆ ಕೆಮ್ಮು. ಆದ್ರೂ ಆ ವಾಸನೆ ಇವತ್ತಿಗೂ ನನ್ನ ಪಾಲಿಗೆ ಊರಿನ ವಾಸನೆ.

ಬೆಂಗಳೂರಿನ ಫ್ಲ್ಯಾಟಲ್ಲಿ ಬೆರಣಿ ಹಚ್ಚೋಕಾಗುತ್ತಾ? ಹಾಗಾಗಿ ಸಾಂಬ್ರಾಣಿ ಹಚ್ಚಿದೆ. ಕಿಟಕಿ ಮುಚ್ಚಿದ ರೂಮಲ್ಲಿ ಸೊಳ್ಳೆಗಿಂತ ಮೊದಲು ಆರು ವರ್ಷದ ಮಗಳೇ ಕೆಮ್ಮುತ್ತಾ ಆಚೆ ಓಡಿದಳು. ಬೇವಿನೆಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿ ಅವಳ ಕಾಲಿಗೆ ಹಚ್ಚಿದೆ. ಸ್ವಲ್ಪ ಹೊತ್ತು ಕೆಲಸ ಮಾಡುತ್ತೆ, ಸುಳ್ಳಲ್ಲ. ಆದ್ರೆ ಪದೇ ಪದೇ ಹಚ್ಚಬೇಕು, ಆ ವಾಸನೆಗೆ ಮಗಳು ಒಪ್ಪಬೇಕು. ನೊಣಕ್ಕೆ ನಿಂಬೆಹಣ್ಣಿನ ಹೋಳಿಗೆ ಲವಂಗ ಚುಚ್ಚಿಟ್ಟೆ. ನೊಣ ಅದನ್ನು ಬಿಟ್ಟು ಪಕ್ಕದ ಬಾಳೆಹಣ್ಣಿನ ಮೇಲೆ ಕೂತವು.

ಹೋದ ಮಳೆಗಾಲದಲ್ಲಿ ಮಗಳಿಗೆ ಜ್ವರ ಬಂತು. ಎರಡನೇ ದಿನ ಕಣ್ಣಿನ ಹಿಂದೆ ನೋವು ಅಂತ ಅಳೋಕೆ ಶುರು ಮಾಡಿದಳು. ಟೆಸ್ಟ್ ಮಾಡಿಸಿದ್ವಿ. ಡೆಂಗಿ. ಐದು ದಿನ ಆಸ್ಪತ್ರೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪ್ಲೇಟ್‌ಲೆಟ್ ಲೆಕ್ಕ. ನಾನು ಅದನ್ನೆಲ್ಲ ಲ್ಯಾಪ್‌ಟಾಪ್‌ನಲ್ಲಿ ಶೀಟ್ ಮಾಡಿ, ಗ್ರಾಫ್ ಹಾಕಿ ನೋಡ್ತಾ ಕೂತಿದ್ದೆ. ಕೆಳಗೆ ಇಳೀತಾ ಇರೋ ಒಂದು ಗೆರೆ ನೋಡಿ ಅಷ್ಟು ಹೆದರಿದ್ದು ಜೀವನದಲ್ಲಿ ಅದೇ ಮೊದಲು. ಆಫೀಸಲ್ಲಿ ಇಂಥ ಎಷ್ಟೋ ಗೆರೆ ನೋಡಿದೀನಿ, ಅದರ ಪಕ್ಕದಲ್ಲಿ ಮಗಳ ಹೆಸರು ಇರಲಿಲ್ಲ ಅಷ್ಟೆ.

ಆರನೇ ದಿನ ಮನೆಗೆ ಬಂದ್ವಿ. ಅವಳು ಸೋಫಾ ಮೇಲೆ ಮಲಗಿ ಎಳನೀರು ಕುಡೀತಿದ್ರೆ, ನಾನು ಪಕ್ಕದ ಸೈಟಿನ ಬಗ್ಗೆ ಒಂದು ಖಾರವಾದ ದೂರು ಟೈಪ್ ಮಾಡ್ತಿದ್ದೆ. ಅಲ್ಲಿ ಕಟ್ಟಡ ಏಳ್ತಾ ಇತ್ತು, ನೀರು ನಿಂತಿತ್ತು. ಅಷ್ಟರಲ್ಲಿ ಬೆಲ್ ಆಯ್ತು. ಆಶಾ ಕಾರ್ಯಕರ್ತೆ. ಈ ಮನೇಲಿ ಡೆಂಗಿ ಅಂತ ರಿಪೋರ್ಟ್ ಹೋಗಿತ್ತಲ್ಲ, ಅದಕ್ಕೇ ಬಂದಿದ್ರು. ನಾನು ಕಿಟಕಿಯಿಂದ ಆ ಸೈಟ್ ತೋರಿಸಿದೆ.

"ಅಲ್ಲಿಗೂ ಹೋಗ್ತೀವಿ ಸಾರ್. ಮೊದಲು ನಿಮ್ಮನೆ ನೋಡ್ಬಿಡ್ತೀನಿ" ಅಂದ್ರು.

ಫ್ರಿಡ್ಜ್ ಹಿಂದಿನ ಟ್ರೇ ನೋಡಿದ್ರು, ಬಾತ್‌ರೂಮ್ ಬಕೆಟ್ ನೋಡಿದ್ರು. ಆಮೇಲೆ ಬಾಲ್ಕನಿಗೆ ಹೋಗಿ ಸಿಟ್ರೊನೆಲ್ಲಾ ಕುಂಡ ಎತ್ತಿ, ಕೆಳಗಿನ ತಟ್ಟೆಗೆ ಟಾರ್ಚ್ ಬಿಟ್ರು. "ಬನ್ನಿ ಸಾರ್ ಇಲ್ಲಿ."

ಎರಡು ಬೆರಳು ನೀರು. ಅದರೊಳಗೆ ಕೂದಲೆಳೆಯಷ್ಟು ಸಣ್ಣ ಹುಳುಗಳು, ಬಳುಕ್ತಾ ಮೇಲೆ ಬರ್ತಿದ್ವು, ಬೆಳಕು ಬಿದ್ದ ತಕ್ಷಣ ಕೆಳಗೆ ಇಳೀತಿದ್ವು.

"2024ರಿಂದ ಸಿಟಿಯಲ್ಲಿ ಮನೆಗೆ 400 ರೂಪಾಯಿ ದಂಡ ಇದೆ ಸಾರ್" ಅಂದ್ರು, ಸೋಫಾ ಕಡೆ ನೋಡಿ ಸುಮ್ಮನಾದ್ರು. ದಂಡ ಹಾಕಿದ್ರೆ ನನಗೆ ಎಷ್ಟೋ ಸಮಾಧಾನ ಆಗ್ತಿತ್ತು.

ಕಚ್ಚಿದ್ದು ಆ ತಟ್ಟೆಯ ಸೊಳ್ಳೆಯೇ ಅನ್ನೋಕೆ ಪುರಾವೆ ಇಲ್ಲ. ಸ್ಕೂಲಲ್ಲೂ ಕಚ್ಚಿರಬಹುದು. ಆದ್ರೆ ಡೆಂಗಿ ಹರಡೋ ಈಡಿಸ್ ಸೊಳ್ಳೆ ತುಂಬಾ ದೂರ ಹಾರೋ ಜೀವ ಅಲ್ಲ. ಹುಟ್ಟಿದ ಜಾಗದ ಸುತ್ತಮುತ್ತಲೇ ಬದುಕುತ್ತೆ, ಕೊಳಚೆಗಿಂತ ಮನೆಯ ತಿಳಿನೀರೇ ಅದಕ್ಕಿಷ್ಟ, ಕಚ್ಚೋದು ಹೆಚ್ಚಾಗಿ ಹಗಲಲ್ಲಿ. ನಾನು ಸಾಂಬ್ರಾಣಿ ಹಚ್ತಿದ್ದುದು ದೀಪ ಹಚ್ಚೋ ಹೊತ್ತಲ್ಲಿ. ಗಿಡದ ಕಥೆಯೂ ಅಷ್ಟೆ: ಸಿಟ್ರೊನೆಲ್ಲಾ ಎಲೆಯ ಎಣ್ಣೆಗೆ ಸೊಳ್ಳೆ ಓಡಿಸೋ ಗುಣ ಇದೆ, ನಿಜ. ಆದ್ರೆ ಎಣ್ಣೆ ತೆಗೆದು ಮೈಗೆ ಹಚ್ಚಬೇಕು, ಅದೂ ಬೇಗ ಆರಿಹೋಗುತ್ತೆ. ಸುಮ್ಮನೆ ಕುಂಡದಲ್ಲಿ ನಿಂತ ಗಿಡಕ್ಕೆ ಸೊಳ್ಳೆ ಹೆದರಲ್ಲ.

ಆ ವಾರ ಊರಿಂದ ಅಮ್ಮ ಬಂದಳು. ತಟ್ಟೆಯ ಕಥೆ ಕೇಳಿ, "ಅಜ್ಜಿ ಹೊಗೆ ಹಾಕ್ತಿದ್ದದ್ದು ಮಾತ್ರ ನೆನಪಿದೆಯೇನೋ ನಿಂಗೆ? ಶುಕ್ರವಾರ ಬಾನಿ ಉಜ್ತಿದ್ದದ್ದು ಮರ್ತೇಬಿಟ್ಯಾ?" ಅಂದಳು.

ಮರೆತಿದ್ದೆ. ಪ್ರತಿ ಶುಕ್ರವಾರ ಅಜ್ಜಿ ಕೊಟ್ಟಿಗೆ ಮುಂದಿನ ಕಲ್ಲುಬಾನಿಯ ನೀರನ್ನೆಲ್ಲ ತೆಂಗಿನ ಬುಡಕ್ಕೆ ಚೆಲ್ಲಿ, ಬೂದಿ ಹಾಕಿ ತೆಂಗಿನ ನಾರಲ್ಲಿ ಗಸಗಸ ಉಜ್ಜಿ, ಬಿಸಿಲಿಗೆ ಬಿಟ್ಟು, ಆಮೇಲೆ ಹೊಸ ನೀರು ತುಂಬಿಸ್ತಿದ್ಳು. ಹಂಡೆ, ಕೊಡ, ಎಲ್ಲಕ್ಕೂ ಅದೇ ಪೂಜೆ. ಸಗಣಿ ದಿನಾ ಬೆಳಿಗ್ಗೆ ದೂರದ ತಿಪ್ಪೆಗೆ. ಅವಳ ಪಾಲಿಗೆ ಅದು ಲಕ್ಷ್ಮಿ ಬರೋ ದಿನದ ಮಡಿ. ನಾವು ಮಕ್ಕಳು ನೀರು ಹೊರೋ ಕೆಲಸ ತಪ್ಪಿಸ್ಕೊಂಡು ಓಡ್ತಿದ್ವಿ.

ಈಗ ಲೆಕ್ಕ ನೋಡಿ. ಈಡಿಸ್ ಮೊಟ್ಟೆ ಹುಳುವಾಗಿ, ಹುಳು ಸೊಳ್ಳೆಯಾಗಿ ಹಾರೋಕೆ ನಮ್ಮ ಹವೆಯಲ್ಲಿ ಸುಮಾರು 7ರಿಂದ 10 ದಿನ. ಶುಕ್ರವಾರದಿಂದ ಶುಕ್ರವಾರಕ್ಕೆ ಏಳೇ ದಿನ. ನೀರು ಚೆಲ್ಲಿದ್ರೆ ಹುಳುಗಳು ಹೋಗ್ತವೆ, ಆದ್ರೆ ಪಾತ್ರೆಯ ಅಂಚಿಗೆ ಅಂಟಿದ ಮೊಟ್ಟೆ ಒಣಗಿದ್ರೂ ತಿಂಗಳುಗಟ್ಟಲೆ ಬದುಕಿರುತ್ತೆ, ಮತ್ತೆ ನೀರು ಬಿದ್ರೆ ಒಡೆಯುತ್ತೆ. ಅದಕ್ಕೇ ಉಜ್ಜಲೇಬೇಕು. ನೊಣಕ್ಕೂ ಬೇಸಿಗೆಯಲ್ಲಿ ಹೆಚ್ಚುಕಮ್ಮಿ ಇದೇ ಲೆಕ್ಕ. ಸಗಣಿಯ ಬದಲು ನಮ್ಮನೆ ಹಸಿ ಕಸದ ಡಬ್ಬಿ, ಅಷ್ಟೆ. ಹೊಗೆ ಇದ್ದ ಸೊಳ್ಳೆಯನ್ನು ಪಕ್ಕದ ಮನೆಗೆ ಓಡಿಸುತ್ತೆ. ಹೊಸ ಸೊಳ್ಳೆ ಹುಟ್ಟದ ಹಾಗೆ ಮಾಡ್ತಿದ್ದದ್ದು ಆ ತೆಂಗಿನ ನಾರು. ಆರೋಗ್ಯ ಇಲಾಖೆಯವರು ಇದನ್ನೇ "ಡ್ರೈ ಡೇ" ಅಂತಾರೆ. ನಮ್ಮಂಥವರಿಗೆ ಆ ಪದದ ಅರ್ಥ ಬೇರೇನೇ ಆಗಿತ್ತು ಬಿಡಿ!

ನಾನು ಊರಿಂದ ವಾಸನೆ ಹೊತ್ಕೊಂಡು ಬಂದಿದ್ದೆ, ಕೆಲಸ ಅಲ್ಲೇ ಬಿಟ್ಟು ಬಂದಿದ್ದೆ.

ಈಗ ಶುಕ್ರವಾರ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಿಗೆ ಮುಂಚೆ ಇಪ್ಪತ್ತು ನಿಮಿಷ ನಮ್ಮನೇಲಿ ಬಾನಿ ಉಜ್ಜೋ ಹೊತ್ತು. ಬಕೆಟ್, ಫ್ರಿಡ್ಜ್ ಟ್ರೇ, ಮನಿ ಪ್ಲಾಂಟ್ ಬಾಟಲಿ, ಪಾರಿವಾಳಕ್ಕೆ ಇಟ್ಟ ಬಟ್ಟಲು. ಟಾರ್ಚ್ ಹಿಡಿಯೋದು ಮಗಳು. ಕಿಟಕಿಗೆ ಜಾಲರಿ ಬಂದಿದೆ, ಫ್ಯಾನ್ ತಿರುಗುತ್ತೆ. ಗಾಳಿಗೆ ಸೊಳ್ಳೆ ಹಾರೋಕೆ ಕಷ್ಟ. ಪ್ಲಗ್ಗಿನ ಲಿಕ್ವಿಡ್ ಕೂಡ ಇದೆ, ಹಠ ಬಿಟ್ಟಿದ್ದೀನಿ.

ಸಿಟ್ರೊನೆಲ್ಲಾ ಗಿಡ ಅಲ್ಲೇ ಇದೆ, ತಟ್ಟೆ ತೆಗೆದಿದ್ದೀನಿ. ಹಾಗಾಗಿ ನೀರು ಹಾಕಿದಾಗ ಕೆಳಗಿನ ಮನೆಯ ಬಾಲ್ಕನಿಗೆ ಸೋರುತ್ತೆ. ಮೊನ್ನೆ ಆ ಮನೆ ಆಂಟಿ ಮೇಲೆ ಬಂದು ಜಗಳ ಆಡಿದ್ರು. ಸಾರಿ ಕೇಳಿದೆ. ಆಮೇಲೆ ಮಗಳು ಟಾರ್ಚ್ ತಗೊಂಡು ಅವರ ಹಿಂದೇನೇ ಹೊರಟಳು, "ಆಂಟಿ, ನಿಮ್ಮ ತುಳಸಿ ಕುಂಡದ ತಟ್ಟೆ ನೋಡ್ಲಾ?" ಅಂತ.